ಅನಾಥ ಬಾಲೆಯರ ತಾಯಿ ಪಂಡಿತಾ ರಮಾಬಾಯಿ

ಏಪ್ರಿಲ್ ತಿಂಗಳು ಬಂದಿತೆಂದರೆ ಬೆಳಗಾವಿ ನಗರದಲ್ಲಿಯೂ ಖಾನಾಪುರ ತಾಲೂಕಿನಲ್ಲಿಯೂ ಬಡ ಹೆಣ್ಣುಮಕ್ಕಳ ವಸತಿನಿಲಯಗಳನ್ನು ನಡೆಸುವವರಿಗೆ ಒಂದು ಬಗೆಯ ಆತಂಕ ಆರಂಭವಾಗುತ್ತದೆ. ಪರೀಕ್ಷೆಗಳು ಮುಗಿದು ಮಕ್ಕಳು ತಮ್ಮ ತಮ್ಮ ಊರುಗಳಿಗೆ ಹೊರಡುತ್ತಾರೆ. ಜೂನ್ ತಿಂಗಳಲ್ಲಿ ಅವರಲ್ಲಿ ಎಷ್ಟು ಮಂದಿ ಮರಳಿ ಬರುವರೆಂಬುದನ್ನು ಯಾರೂ ಖಚಿತವಾಗಿ ಹೇಳಲಾರರು. ಬೇಸಿಗೆಯು ಮದುವೆಗಳ ಕಾಲ. ಮನೆಯಲ್ಲಿ ಸಾಲದ ಹೊರೆಯಿರುತ್ತದೆ. ಗೋವೆಯಲ್ಲಿಯೋ ಪುಣೆಯಲ್ಲಿಯೋ ಒಳ್ಳೆಯ ಮನೆಗೆಲಸ ಕೊಡಿಸುವೆವೆಂದು ಹೇಳಿಕೊಂಡು ಬರುವ ಪರಿಚಯಸ್ಥರಿರುತ್ತಾರೆ. ಹೆಣ್ಣುಮಗುವನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯನ್ನು ನಿಲ್ಲಿಸಲು ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ ಒಂದು ಕಾನೂನು ಬಂದಿತು. 1982ರಲ್ಲಿ ಕರ್ನಾಟಕವು ಇನ್ನೊಂದು ಕಾನೂನನ್ನು ರಚಿಸಿತು. ಆದರೂ ಸವದತ್ತಿಯ ಗುಡ್ಡವನ್ನು ಬಲ್ಲ ಈ ಜಿಲ್ಲೆಯವರಿಗೆ, ಬಡತನವಿರುವಲ್ಲಿ ಹೆಣ್ಣುಮಗುವಿಗೆ ಬೆಲೆ ಕಟ್ಟುವವರು ಹೇಗೋ ಹುಟ್ಟಿಕೊಳ್ಳುತ್ತಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಮಕ್ಕಳನ್ನು ಓದಿಸುವ ಸಂಸ್ಥೆಗಳಿಗೆ ನಮ್ಮ ಕುಟುಂಬಗಳು ಭೇಟಿ ಕೊಡುವ ವಾಡಿಕೆಯಿದೆ. ತಪಸ್ಸುಕಾಲದ ಉಳಿತಾಯವನ್ನು ಒಪ್ಪಿಸಲೆಂದೋ ಮಗುವಿನ ಪ್ರಥಮ ಪರಮಪ್ರಸಾದದ ನೆನಪಿಗೆಂದೋ ಒಂದು ಹೊತ್ತಿನ ಊಟ, ಅಕ್ಕಿ ಮೂಟೆ, ನೋಟುಪುಸ್ತಕಗಳೊಡನೆ ಹೋಗಿ ಬರುತ್ತೇವೆ. ಮಕ್ಕಳು ಸಾಲಾಗಿ ನಿಂತು ಸ್ವಾಗತಗೀತೆ ಹಾಡುತ್ತಾರೆ. ನಾವು ಕುರ್ಚಿಗಳಲ್ಲಿ ಕುಳಿತು ಕೇಳುತ್ತೇವೆ. ಕೊಡುವವನು ಅಲ್ಲಿ ಏನನ್ನು ನೋಡಲು ಹೋಗಬೇಕು, ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬ ಪ್ರಶ್ನೆಯನ್ನು ಎತ್ತಿದಾಗ ನೆನಪಿಗೆ ಬರುವ ಹೆಸರು ಪಂಡಿತಾ ರಮಾಬಾಯಿಯವರದು. ಅವರು ಹುಟ್ಟಿದ್ದೂ ನಿಧನರಾದದ್ದೂ ಏಪ್ರಿಲ್ ತಿಂಗಳಿನಲ್ಲಿಯೇ. ಅವರು ನಮ್ಮ ಕಥೋಲಿಕ ಧರ್ಮಸಭೆಗೆ ಸೇರಿದವರಲ್ಲ. ಆಂಗ್ಲಿಕನ್ ಸಭೆಯಲ್ಲಿ ಜ್ಞಾನಸ್ನಾನ ಪಡೆದು, ಆ ಸಭೆಯೊಡನೆಯೂ ಜೀವನವಿಡೀ ವಾದ ಮಾಡಿದವರು. ಆದರೆ ಕನ್ನಡ ನಾಡಿನ ಮಣ್ಣಿನಲ್ಲಿ ಹುಟ್ಟಿ, ಕ್ರಿಸ್ತನ ಹೆಸರಿನಲ್ಲಿ ಸಾವಿರಾರು ಬಾಲೆಯರನ್ನು ಮಾರಾಟಗಾರರ ಕೈಯಿಂದ ಬಿಡಿಸಿದ ಈ ಮಹಿಳೆಯ ಜೀವನವನ್ನು ನಮ್ಮ ಮನೆಗಳಲ್ಲಿ ತಿಳಿದವರು ವಿರಳ.

ಮಲಪ್ರಭೆಯು ಹುಟ್ಟುವ ಖಾನಾಪುರ ತಾಲೂಕಿನ ಕಣಕುಂಬಿಯಿಂದ ಸಹ್ಯಾದ್ರಿಯ ಬೆನ್ನ ಮೇಲೆಯೇ ದಕ್ಷಿಣಕ್ಕೆ ಸಾಗಿದರೆ ತುಂಗಾ, ಭದ್ರಾ ನದಿಗಳು ಹುಟ್ಟುವ ಗಂಗಾಮೂಲ ಸಿಗುತ್ತದೆ. 1858ರ ಏಪ್ರಿಲ್ 23ರಂದು ಅಲ್ಲಿಯ ಕಾಡಿನ ಒಂದು ಆಶ್ರಮದಲ್ಲಿ ರಮಾಬಾಯಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳ ಗ್ರಾಮದವರು. ಚಿತ್ಪಾವನ ಬ್ರಾಹ್ಮಣರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಲು ಹೊರಟದ್ದೇ ಅವರ ಅಪರಾಧವಾಯಿತು. ಸ್ತ್ರೀಗೆ ದೇವಭಾಷೆ ಸಲ್ಲದೆಂದು ಸ್ವಜನರು ಮುನಿದರು. ಅವರು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಶಾಸ್ತ್ರಗಳಿಂದಲೇ ಆಧಾರಗಳನ್ನು ತೆಗೆದು ತಮ್ಮ ನಡತೆಯನ್ನು ಸಮರ್ಥಿಸಿಕೊಂಡರು. ಅನಂತರವೂ ಜನರ ಬಾಯಿಗೆ ಸಿಗದಿರಲೆಂದು ಕಾಡು ಸೇರಿ, ಗುಡಿಸಲು ಕಟ್ಟಿ, ಶಿಷ್ಯರಿಗೆ ಅನ್ನವಿಕ್ಕಿ ಪಾಠ ಹೇಳಿದರು. ಅತಿಥಿಗಳಿಗೂ ಶಿಷ್ಯರಿಗೂ ಕೊಟ್ಟು ಕೊಟ್ಟು ಕೈ ಬರಿದಾಯಿತು. ಕೂಸು ರಮಾಬಾಯಿಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟವನ್ನಿಳಿಸಿದರಂತೆ.

ಮುಂದಿನ ಹದಿನಾರು ವರ್ಷಗಳ ಕಾಲ ಅವರಿಗೆ ಮನೆಯೆಂಬುದಿರಲಿಲ್ಲ. ದೇವಸ್ಥಾನದ ಜಗಲಿಗಳಲ್ಲಿ, ನದಿಯ ಘಾಟುಗಳಲ್ಲಿ ಪುರಾಣ ಓದಿ, ಕೇಳುವವರು ಕೊಟ್ಟ ಕಾಳುಕಡ್ಡಿಯಿಂದ ಜೀವಿಸಿದರು. ತಂದೆಗೆ ವಯಸ್ಸಾಗಿದ್ದುದರಿಂದ ತಾಯಿಯೇ ಮಗಳಿಗೆ ಗುರುವಾದರು. ಬಾಲಕಿಯು ಸಹಸ್ರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದಳು. ಅಲೆದಾಟದಲ್ಲಿಯೇ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ ಭಾಷೆಗಳನ್ನೂ ಕಲಿತಳು. 1870ರ ದಶಕದ ಬರಗಾಲವು ಈ ಪುಟ್ಟ ಸಂಸಾರವನ್ನು ನುಂಗಿತು. ಪಂಡಿತನ ಮಕ್ಕಳು ಭಿಕ್ಷೆ ಬೇಡುವಂತಿಲ್ಲ, ಕೂಲಿ ಮಾಡಲು ಕಲಿತವರಲ್ಲ. ಪಾತ್ರೆಪಗಡ ಮಾರಿದ ಮೇಲೆ ಎಲೆಗಳನ್ನು ತಿಂದು ದಿನ ಕಳೆದರು. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿಯೂ ಹೋದರು. ತಾಯಿಯ ಶವವನ್ನು ಹೊರಲು ಜನ ಸಾಲದೆ, ಎತ್ತರದಲ್ಲಿ ಚಿಕ್ಕವಳಾಗಿದ್ದ ರಮಾಬಾಯಿಯು ಚಟ್ಟದ ಒಂದು ಕೊನೆಯನ್ನು ತಲೆಯ ಮೇಲೆ ಹೊತ್ತು ಸ್ಮಶಾನಕ್ಕೆ ನಡೆದಳು. ಬಳಿಕ ಅಕ್ಕ ಕೃಷ್ಣಾಬಾಯಿಯೂ ಕಾಲರಾ ಬೇನೆಗೆ ತುತ್ತಾದಳು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ತಂಗಿ ರಮಾ. ಇಬ್ಬರೂ ಬರಿಗಾಲಲ್ಲಿ ದೇಶದ ಉದ್ದಗಲಕ್ಕೂ ನಡೆದರು. ಒಬ್ಬ ಬಡ ಬಾಲೆಯು ಹಸಿವೆಯಿಂದ ಎಷ್ಟು ಅಸಹಾಯಳಾಗುವಳು, ಒಂದು ಹಿಡಿ ಅನ್ನ ತೋರಿಸಿದವರ ಹಿಂದೆ ಹೇಗೆ ಹೊರಟುಹೋಗಬಲ್ಲಳು ಎಂಬ ತಿಳಿವಳಿಕೆಯು ರಮಾಬಾಯಿಯವರಿಗೆ ಪುಸ್ತಕದಿಂದ ಬಂದುದಲ್ಲ.

1878ರಲ್ಲಿ ಅಣ್ಣತಂಗಿಯರು ಕಲಕತ್ತೆ ಮುಟ್ಟಿದರು. ಇಪ್ಪತ್ತು ವರ್ಷದ ತರುಣಿಯ ಸಂಸ್ಕೃತ ಪಾಂಡಿತ್ಯಕ್ಕೆ ಅಲ್ಲಿಯ ವಿದ್ವಾಂಸರು ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ಮರಣ ಹೊಂದಿದನು. ಅದೇ ವರ್ಷ ಅವರು ಬ್ರಾಹ್ಮಣೇತರರಾದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಕಾನೂನು ರೀತ್ಯಾ ವಿವಾಹವಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರುವರಿಯಲ್ಲಿ ಪತಿಯು ಕಾಲರಾಕ್ಕೆ ಬಲಿಯಾದರು. ಇಪ್ಪತ್ಮೂರರ ವಿಧವೆ, ಕಂಕುಳಲ್ಲಿ ಎಳೆಗೂಸು. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಒತ್ತಿ ಹೇಳಿದರು.

1883ರಲ್ಲಿ ವೈದ್ಯಶಾಸ್ತ್ರ ಕಲಿಯುವ ಆಸೆಯಿಂದ ಇಂಗ್ಲೆಂಡಿಗೆ ಹೋದ ಅವರು ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಧರ್ಮಭಗಿನಿಯರ ಮಠದಲ್ಲಿ ಉಳಿದರು. ಈ ಲೇಖನದ ವಿಷಯಕ್ಕೆ ಅತ್ಯಂತ ಸಮೀಪವಾದ ಘಟನೆ ನಡೆದದ್ದು ಇಲ್ಲಿಯೇ. ಭಗಿನಿಯರು ಅವರನ್ನು ಲಂಡನ್ನಿನ ಫುಲ್‌ಹ್ಯಾಮ್ ಎಂಬಲ್ಲಿದ್ದ ತಮ್ಮ ಉದ್ಧಾರಗೃಹಕ್ಕೆ ಕಳುಹಿಸಿಕೊಟ್ಟರು. ಬೀದಿಯ ಪಾಲಾಗಿದ್ದ ಸ್ತ್ರೀಯರಿಗೆ ಅಲ್ಲಿ ಆಶ್ರಯವಿತ್ತು. ರಮಾಬಾಯಿಯವರು ಅಂದು ಕೇವಲ ಭೇಟಿಗೆ ಹೋದವರು, ಕೊಡಲು ಕೈಯಲ್ಲಿ ಕಾಸಿಲ್ಲದ ವಿದೇಶೀ ವಿಧವೆ. ಸಮಾಜವು ಕಸದಂತೆ ಎಸೆದ ಹೆಂಗಸರನ್ನು ಸುಶಿಕ್ಷಿತ ಭಗಿನಿಯರು ಮರ್ಯಾದೆಯಿಂದ ಕಾಣುತ್ತಿದ್ದುದನ್ನೂ, ಹಿಂದೆ ಬಿದ್ದವರೇ ಈಗ ಎದ್ದು ನಿಂತು ಇತರರ ಆರೈಕೆ ಮಾಡುತ್ತಿದ್ದುದನ್ನೂ ಅವರು ಕಣ್ಣಾರೆ ಕಂಡರು. ತಾವು ಕಲಿತ ಶಾಸ್ತ್ರಗಳಲ್ಲಿ ಇಂಥ ಸ್ತ್ರೀಯರಿಗೆ ದಂಡನೆಯ ವಿಧಿಗಳನ್ನು ಕಂಡಿದ್ದರೇ ಹೊರತು ಕರುಣೆಯನ್ನು ಕಂಡಿರಲಿಲ್ಲವೆಂದು ಅವರಿಗೆ ತೋರಿತು. ಇದಕ್ಕೆ ಕಾರಣವೇನೆಂದು ಕೇಳಿದಾಗ ಭಗಿನಿಯೊಬ್ಬರು ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯವನ್ನು ಓದಿ ತಿಳಿಸಿದರು. ಬಾವಿಯ ಬಳಿ ಸಮಾರಿಯದ ಸ್ತ್ರೀಯೊಡನೆ ಪ್ರಭುವು ಮಾತನಾಡಿದ ಆ ಪ್ರಸಂಗವು ತಪಸ್ಸುಕಾಲದಲ್ಲಿ ನಮ್ಮ ದೇವಾಲಯಗಳಲ್ಲಿಯೂ ಓದಲ್ಪಡುತ್ತದೆ. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ಜ್ಞಾನಸ್ನಾನ ಪಡೆದರು.

ಲಂಡನ್ ನಗರದಲ್ಲಿ ಅಂಥ ಗೃಹದ ಅವಶ್ಯಕತೆಯಿತ್ತೆಂಬುದನ್ನು ಓದುಗರು ಗಮನಿಸಬೇಕು. ಬಾಲೆಯರ ಮಾರಾಟವು ಯಾವುದೋ ಒಂದು ಧರ್ಮದ, ಒಂದು ದೇಶದ ಪಾಪವಾಗಿರಲಿಲ್ಲ. 1885ರಲ್ಲಿ ಪತ್ರಕರ್ತ ಸ್ಟೆಡ್ ಅವರು ಆ ನಗರದ ಬಾಲಿಕಾ ವ್ಯಾಪಾರವನ್ನು ಬಯಲಿಗೆಳೆದ ಮೇಲೆಯೇ ಬ್ರಿಟಿಷ್ ಪಾರ್ಲಿಮೆಂಟು ಹುಡುಗಿಯರ ಸಮ್ಮತಿಯ ವಯಸ್ಸನ್ನು ಹದಿನಾರಕ್ಕೆ ಏರಿಸಿತು.

ಜ್ಞಾನಸ್ನಾನ ಪಡೆದ ಮಾತ್ರಕ್ಕೆ ರಮಾಬಾಯಿಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವವರಾಗಲಿಲ್ಲ. ಅವರ ಆತ್ಮಿಕ ಮಾರ್ಗದರ್ಶಿಯಾಗಿದ್ದ ಭಗಿನಿ ಜೆರಾಲ್ಡಿನ್ ಅವರಿಗೆ ಈ ಶಿಷ್ಯೆಯು ಹಠಮಾರಿಯಾಗಿಯೇ ಕಂಡಳು. ಇಬ್ಬರ ಪತ್ರಗಳನ್ನು ಓದಿದವರಿಗೆ ಜೆರಾಲ್ಡಿನ್ ಅವರ ಬಗ್ಗೆಯೂ ತುಸು ಮರುಕ ಹುಟ್ಟದಿರದು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ತನಗೆ ತಿಳಿಯುವ ಸಂಸ್ಕೃತವೇಕಾಗಬಾರದೆಂದು ರಮಾಬಾಯಿಯವರು ವಾದಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ಅನಂತರ ಬಲಿಪೂಜೆಯನ್ನು ಕನ್ನಡದಲ್ಲಿ ಕೇಳುತ್ತಿರುವ ನಮಗೆ ಆ ವಾದವು ವಿಚಿತ್ರವಾಗಿ ತೋರುವುದಿಲ್ಲ. ಎಂಬತ್ತು ವರ್ಷ ಮೊದಲೇ ಒಬ್ಬ ಒಂಟಿ ಸ್ತ್ರೀ ಅದನ್ನಾಡಿದ್ದಳು. ಕಿವಿಯ ದೋಷದಿಂದಾಗಿ ವೈದ್ಯವಿದ್ಯೆಯ ಆಸೆ ಕೈಗೂಡಲಿಲ್ಲ.

1886ರಲ್ಲಿ ಅಮೆರಿಕಕ್ಕೆ ಹೋದರು. ಫಿಲಡೆಲ್ಫಿಯದಲ್ಲಿ ಬಂಧುವಾದ ಆನಂದಿಬಾಯಿ ಜೋಶಿಯವರು ವೈದ್ಯಪದವಿ ಪಡೆಯುವ ಸಮಾರಂಭಕ್ಕೆಂದು ಹೋದವರು ಎರಡು ವರ್ಷಕ್ಕೂ ಮಿಕ್ಕಿ ಅಲ್ಲಿದ್ದು ಊರೂರು ತಿರುಗಿ ಉಪನ್ಯಾಸ ಮಾಡಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಗತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ಸಾಮಾನ್ಯ ಗೃಹಿಣಿಯರೂ ಶಿಕ್ಷಕಿಯರೂ ಸಣ್ಣ ಸಣ್ಣ ಮಂಡಲಿಗಳನ್ನು ಕಟ್ಟಿಕೊಂಡು, ತಲೆಗೆ ವರ್ಷಕ್ಕೊಂದು ಡಾಲರಿನಂತೆ ಹತ್ತು ವರ್ಷ ಕೊಡುವೆವೆಂದು ವಚನವಿತ್ತರು. ಹತ್ತು ವರ್ಷವೆಂಬ ಮಿತಿಯೂ, ಶಾಲೆಯಲ್ಲಿ ಯಾವ ಧರ್ಮವನ್ನೂ ಹೇರಬಾರದೆಂಬ ಶರತ್ತೂ ಆರಂಭದಲ್ಲಿಯೇ ಇದ್ದವು. ಎರಡನ್ನೂ ರಮಾಬಾಯಿಯವರು ಒಪ್ಪಿಕೊಂಡರು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ಬೆರಳೆಣಿಕೆಯ ವಿದ್ಯಾರ್ಥಿನಿಯರೊಂದಿಗೆ ತೆರೆಯಿತು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿಯವರು ಮುಂದೆ ಧೋಂಡೋ ಕೇಶವ ಕರ್ವೆಯವರ ಪತ್ನಿಯಾದರು. ಕರ್ವೆಯವರು ಮಹಿಳಾ ಶಿಕ್ಷಣಕ್ಕಾಗಿ ದುಡಿದು ಭಾರತರತ್ನರಾದರೆಂಬುದು ಎಲ್ಲರಿಗೂ ತಿಳಿದಿದೆ. ಮರುವರ್ಷ ಸದನವು ಪುಣೆಗೆ ಸ್ಥಳಾಂತರವಾಯಿತು. ಅಡುಗೆಮನೆಯಲ್ಲಿ ಬ್ರಾಹ್ಮಣ ಬಾಲೆಯರ ಮಡಿಮೈಲಿಗೆಗೆ ಅವಕಾಶವಿತ್ತು. ಪುಸ್ತಕದ ಕಪಾಟಿನಲ್ಲಿ ವೇದಗಳೂ ಇದ್ದವು, ಬೈಬಲೂ ಇತ್ತು. ನ್ಯಾಯಮೂರ್ತಿ ರಾನಡೆ, ಡಾಕ್ಟರ್ ಭಂಡಾರ್ಕರ್ ಅವರಂಥ ಗಣ್ಯರು ಸಲಹಾ ಮಂಡಳಿಯಲ್ಲಿದ್ದರು.

ಆದರೆ ರಮಾಬಾಯಿಯವರು ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಬಾಲೆಯರು ತಾವಾಗಿ ಬಂದು ಕುಳಿತುಕೊಳ್ಳತೊಡಗಿದರು. ಇದು ಹೊರಗೆ ತಿಳಿದು ಗದ್ದಲವೆದ್ದಿತು. ಕೇಸರಿ ಪತ್ರಿಕೆಯು ಕಟುವಾಗಿ ಬರೆಯಿತು. 1893ರಲ್ಲಿ ಸಲಹಾ ಮಂಡಳಿಯ ಗಣ್ಯರು ರಾಜೀನಾಮೆಯಿತ್ತರು. ಪೋಷಕರು ಬಂದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಕರೆದುಕೊಂಡು ಹೋದರು. ಹೋದವರಲ್ಲಿ ಕೆಲವರಿಗಾದರೂ ಅದು ಓದಿನ ಕೊನೆಯಾಗಿರಬೇಕು. ರಾನಡೆ, ಭಂಡಾರ್ಕರರು ಕೆಡುಕು ಬಯಸಿದವರಲ್ಲ. ತಮ್ಮ ಮಾತನ್ನು ನಂಬಿ ಮಕ್ಕಳನ್ನು ಕಳುಹಿಸಿದ ಕುಟುಂಬಗಳಿಗೆ ಅವರು ಉತ್ತರ ಹೇಳಬೇಕಾಗಿತ್ತು. ಇತ್ತ ರಮಾಬಾಯಿಯವರು ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ತಳ್ಳುವುದೂ ಇಲ್ಲ ಎಂಬ ನಿಲುವಿನಿಂದ ಕದಲಲಿಲ್ಲ.

ದೂರುಗಳು ಬಾಸ್ಟನ್ನಿಗೂ ಮುಟ್ಟಿದವು. ಹಣ ಕೊಡುವವರು ಅಲ್ಲಿಂದಲೇ ಒಂದು ಪತ್ರ ಬರೆದು ಕೈತೊಳೆದುಕೊಳ್ಳಬಹುದಾಗಿತ್ತು. ಬದಲಾಗಿ ಅಸೋಸಿಯೇಷನ್ನಿನ ಕಾರ್ಯಕಾರಿ ಸಮಿತಿಯ ಅಧ್ಯಕ್ಷೆ ಶ್ರೀಮತಿ ಜುಡಿತ್ ಆಂಡ್ರ್ಯೂಸ್ ಅವರು 1893-94ರಲ್ಲಿ ಸಮುದ್ರ ದಾಟಿ ಪುಣೆಗೆ ಬಂದರು. ಅವರು ಯೂನಿಟೇರಿಯನ್ ಪಂಥದವರು. ರಮಾಬಾಯಿಯವರ ಭಕ್ತಿಯ ರೀತಿಗೂ ಅವರ ವಿಶ್ವಾಸಕ್ಕೂ ಬಹಳ ಅಂತರವಿತ್ತು. ಹಾರ ಹಾಕಿಸಿಕೊಂಡು ಹೋಗುವುದಕ್ಕೆ ಬಂದ ಭೇಟಿಯಾಗಿರಲಿಲ್ಲ ಅದು. ವಚನ ಭಂಗವಾಗಿದೆಯೇ, ಮಕ್ಕಳ ಮೇಲೆ ಬಲವಂತ ನಡೆದಿದೆಯೇ ಎಂಬುದನ್ನು ನೋಡಬೇಕಾಗಿತ್ತು. ನೋಡಿದರು. ಸದನದ ದಿನಚರಿಯನ್ನು ಹತ್ತಿರದಿಂದ ಕಂಡ ಮೇಲೆ ರಮಾಬಾಯಿಯವರ ಮೇಲಿನ ವಿಶ್ವಾಸವನ್ನು ಉಳಿಸಿಕೊಂಡೇ ಮರಳಿದರು. ಬಾಸ್ಟನ್ನಿನ ಹಣ ನಿಲ್ಲಲಿಲ್ಲ. ದಾನಿಗಳಾದವರು ನೇರವಾಗಿ ಬಂದು, ಕಷ್ಟದ ಪ್ರಶ್ನೆಗಳನ್ನು ಕೇಳಿ, ಉತ್ತರ ಸಿಕ್ಕಿದ ಮೇಲೆ ಸುಮ್ಮನಾಗುವುದು ಅಂದಿಗೂ ವಿರಳ, ಇಂದಿಗೂ ವಿರಳ. ಸಂಸ್ಥೆ ನಡೆಸುವವರೂ ಇಲ್ಲಿ ಗಮನಿಸತಕ್ಕ ವಿಷಯವಿದೆ. ರಮಾಬಾಯಿಯವರು ದಾನಿಗಳಿಗೆ ಲೆಕ್ಕವನ್ನು ತೋರಿಸಿದರು, ಶಾಲೆಯನ್ನು ತೋರಿಸಿದರು. ತಮ್ಮ ಪ್ರಾರ್ಥನೆಯ ಕೋಣೆಯನ್ನು ಮಾತ್ರ ಯಾವ ಸಮಿತಿಯ ಅಪ್ಪಣೆಗೂ ಒಳಪಡಿಸಲಿಲ್ಲ. ಅನಂತರದ ವರ್ಷಗಳಲ್ಲಿ ಕೆಲವು ವಿದ್ಯಾರ್ಥಿನಿಯರು ಜ್ಞಾನಸ್ನಾನ ಪಡೆದರು, ಸಂಸ್ಥೆಯು ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯಾಯಿತು. ಇದರಿಂದ ಅವರು ಮಹಾರಾಷ್ಟ್ರದ ಹಳೆಯ ಮಿತ್ರರಲ್ಲಿ ಬಹುಮಂದಿಯನ್ನು ಕಳೆದುಕೊಂಡರೆಂಬುದನ್ನೂ ಮರೆಮಾಚಬೇಕಾಗಿಲ್ಲ.

ಹತ್ತು ವರ್ಷದ ವಚನ ಮುಗಿಯುವ ದಿನವನ್ನು ರಮಾಬಾಯಿಯವರು ಮರೆತಿರಲಿಲ್ಲ. ಪುಣೆಯಿಂದ ಮೂವತ್ತೈದು ಮೈಲಿಯಷ್ಟು ದೂರದ ಕೇಡಗಾಂವ್‌ನಲ್ಲಿ ಸುಮಾರು 100 ಎಕರೆ ಬರಡು ನೆಲವನ್ನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದರು. ಅಮೆರಿಕದ ಹಣ ನಿಂತ ಮೇಲೆ ತೋಟದ ಆದಾಯದಿಂದ ಶಾಲೆ ನಡೆಯಬೇಕೆಂಬುದು ಅವರ ಎಣಿಕೆ. ಇದೇ ಕಾಲದಲ್ಲಿ ಯಾತ್ರಾರ್ಥಿಯ ವೇಷದಲ್ಲಿ ವೃಂದಾವನಕ್ಕೆ ಹೋಗಿ, ಪುಣ್ಯಕ್ಷೇತ್ರದ ಆಸೆ ತೋರಿಸಿ ಕರೆತಂದ ಬಾಲವಿಧವೆಯರು ಅಲ್ಲಿ ಯಾರ ಕೈಸೇರುತ್ತಾರೆಂಬುದನ್ನು ತಾವೇ ನೋಡಿ ಬಂದರು.

1896-97ರ ಭೀಕರ ಬರಗಾಲವು ಮಧ್ಯಪ್ರಾಂತಗಳನ್ನು ಸುಟ್ಟಿತು. ಬಾಲ್ಯದ ಹಸಿವು ರಮಾಬಾಯಿಯವರನ್ನು ಎಬ್ಬಿಸಿತೆಂದರೆ ತಪ್ಪಾಗದು. ಅವರು ಅಲ್ಲಿಗೆ ಧಾವಿಸಿ, ಪರಿಹಾರ ಶಿಬಿರಗಳನ್ನೂ ಬಡವರ ಛತ್ರಗಳನ್ನೂ ಸುತ್ತಿದರು. ಅಲ್ಲಿ ಅವರಿಗಿಂತ ಮೊದಲೇ ಬಂದಿದ್ದವರು ಬೇರೆಯವರು. ಒಳ್ಳೆಯ ಬಟ್ಟೆ ತೊಟ್ಟ ಗಂಡಸರೂ ಹೆಂಗಸರೂ ತಿಂಡಿ ಹಂಚುತ್ತಾ, ರೂಪವುಳ್ಳ ಹುಡುಗಿಯರನ್ನು ಆರಿಸಿ, ಸಿಹಿ ಮಾತಾಡಿ ಕರೆದೊಯ್ಯುತ್ತಿದ್ದರು. ತಂದೆತಾಯಿಗಳೇ ಮಗಳನ್ನು ಒಂದು ರೂಪಾಯಿಗೆ, ಕೆಲವು ಆಣೆಗಳಿಗೆ, ಕೆಲವು ಸೇರು ಧಾನ್ಯಕ್ಕೆ ಮಾರುತ್ತಿದ್ದುದನ್ನು ರಮಾಬಾಯಿಯವರು ಬರೆದಿಟ್ಟಿದ್ದಾರೆ. ಈ ವ್ಯಾಪಾರಿಗಳೊಡನೆ ಅವರದು ಓಟದ ಸ್ಪರ್ಧೆಯೇ ಆಯಿತು. ಮೂರು ನೂರು ಬಾಲೆಯರನ್ನು ಉಳಿಸಬೇಕೆಂದು ಸಂಕಲ್ಪಿಸಿದರು. ಕೈಯಲ್ಲಿ ಹಣವಿರಲಿಲ್ಲ. ಮೂಳೆ ಚಕ್ಕಳವಾಗಿ, ಮೈತುಂಬ ಹುಣ್ಣಾಗಿ, ಯಾರ ಮಾತನ್ನೂ ನಂಬದ ಆ ಮಕ್ಕಳನ್ನು ರೈಲಿನಲ್ಲಿ ತಂಡ ತಂಡವಾಗಿ ಕರೆತಂದರು. ಒಮ್ಮೆ ತಿಂಡಿ ಕೊಟ್ಟವರಿಂದ ಮೋಸ ಹೋದ ಮಗುವು ಮತ್ತೆ ತಿಂಡಿ ಕೊಡಲು ಬಂದ ಕೈಯನ್ನು ಕಂಡರೆ ಹೆದರುವುದು ಸಹಜ. ಇಂದು ಇಂಥ ನಿಲಯಗಳಿಗೆ ಮಿಠಾಯಿ ಪೊಟ್ಟಣದೊಡನೆ ಹೋಗುವವರು ಇದನ್ನು ಬಲ್ಲವರಾದರೆ, ಮಗುವೊಂದು ಹತ್ತಿರ ಬಾರದಿದ್ದಾಗ ಬೇಸರಪಡಲಾರರು.

ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿ, ಹೊಸ ಮಕ್ಕಳನ್ನು ನಗರದಲ್ಲಿ ಇರಿಸಕೂಡದೆಂದು ಅಧಿಕಾರಿಗಳು ತಡೆದರು. ಆಗ ಕೇಡಗಾಂವ್‌ನ ಹೊಲವೇ ಆಸರೆಯಾಯಿತು. ಡೇರೆಗಳಲ್ಲಿ, ಹುಲ್ಲಿನ ಗುಡಿಸಲುಗಳಲ್ಲಿ ಮಕ್ಕಳು ಮಲಗಿದರು. ಪ್ಲೇಗು ಶಿಬಿರಕ್ಕೆ ಸಾಗಿಸಲ್ಪಟ್ಟ ತಮ್ಮ ಹುಡುಗಿಯೊಬ್ಬಳು ಅಲ್ಲಿಯ ಕಾವಲಿನವರ ಕೈಗೆ ಸಿಕ್ಕಿ ಹಾಳಾದಳೆಂದು ರಮಾಬಾಯಿಯವರು 1897ರಲ್ಲಿ ಪತ್ರಿಕೆಗೆ ಬಹಿರಂಗವಾಗಿ ಬರೆದರು. ಮುಂಬಯಿಯ ಗವರ್ನರರು ಅದನ್ನು ಅಲ್ಲಗಳೆದರು. ವಿಷಯವು ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಸರಕಾರವನ್ನೂ ಎದುರು ಹಾಕಿಕೊಳ್ಳಲು ಅವರು ಅಂಜಲಿಲ್ಲ.

1898ರಲ್ಲಿ ಹತ್ತು ವರ್ಷದ ವಚನ ಮುಗಿಯಿತು. ರಮಾಬಾಯಿಯವರು ಸಂಸ್ಥೆಯನ್ನು ಸುಂದರಬಾಯಿ ಪವಾರರ ಕೈಗೊಪ್ಪಿಸಿ, ಮತ್ತೆ ಅಮೆರಿಕಕ್ಕೆ ಹೋಗಿ, ದಾನಿಗಳ ಮುಂದೆ ನಿಂತು ಹತ್ತು ವರ್ಷದ ಲೆಕ್ಕವನ್ನೊಪ್ಪಿಸಿದರು. ಹಳೆಯ ಸಂಘವು ವಿಸರ್ಜನೆಯಾಗಿ ಅಮೆರಿಕನ್ ರಮಾಬಾಯಿ ಅಸೋಸಿಯೇಷನ್ ಎಂಬ ಹೊಸ ಸಂಘವಾಯಿತು. ಈ ಬಾರಿ ಧರ್ಮದ ವಿಷಯದಲ್ಲಿ ಅವರ ಕೈ ಕಟ್ಟಲಿಲ್ಲ.

ಕೇಡಗಾಂವ್‌ನ ನಿಲಯಕ್ಕೆ ಮುಕ್ತಿ ಎಂದು ಹೆಸರಿಟ್ಟರು. 1900ರ ಗುಜರಾತ್ ಬರದಿಂದ ಇನ್ನೂ ನೂರಾರು ಬಾಲೆಯರು ಬಂದು, ಸಂಖ್ಯೆಯು ಎರಡು ಸಾವಿರದ ಹತ್ತಿರ ಹೋಯಿತು. ಅಷ್ಟು ಮಂದಿಗೆ ಬರಿಯ ಅನ್ನವನ್ನಲ್ಲ, ಕಸುಬನ್ನೂ ಕೊಡಬೇಕೆಂಬುದು ಅವರ ಹಠ. ಬೆಳಿಗ್ಗೆ ಓದುಬರೆಹ, ಉಳಿದ ಹೊತ್ತು ಕೆಲಸ. ನೇಯ್ಗೆ, ಹೊಲಿಗೆ, ಹೈನುಗಾರಿಕೆ, ಎಣ್ಣೆ ತೆಗೆಯುವುದು, ತೋಟಗಾರಿಕೆ, ರೋಗಿಗಳ ಶುಶ್ರೂಷೆ, ಅಧ್ಯಾಪನ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವುದರಿಂದ ಹಿಡಿದು ಪುಸ್ತಕ ಹೊಲಿಯುವವರೆಗೆ ಎಲ್ಲವನ್ನೂ ಹುಡುಗಿಯರೇ ಮಾಡುತ್ತಿದ್ದರು. ಕೈಯಲ್ಲಿ ಕಸುಬಿರುವವಳನ್ನು ದಲ್ಲಾಳಿಯು ಸುಲಭವಾಗಿ ಒಯ್ಯಲಾರನು. ಮಗಳು ಮನೋರಮಾ ಅಮೆರಿಕದಲ್ಲಿ ಬ್ರೈಲ್ ಲಿಪಿ ಕಲಿತು ಬಂದಮೇಲೆ ಅಂಧ ಬಾಲೆಯರಿಗೂ ಪಾಠ ಆರಂಭವಾಯಿತು. ಆಗಲೇ ಕೆಟ್ಟವರ ಕೈಗೆ ಸಿಕ್ಕಿ ನೊಂದಿದ್ದ ಸ್ತ್ರೀಯರಿಗಾಗಿ ಕೃಪಾ ಸದನವೆಂಬ ಪ್ರತ್ಯೇಕ ಮನೆಯನ್ನು ಕಟ್ಟಿದರು. ಫುಲ್‌ಹ್ಯಾಮ್‌ನ ಆ ಒಂದು ದಿನದ ಭೇಟಿಯ ಫಲವೆಂದರೆ ಇದೇ.

ಕನ್ನಡ ನಾಡಿನ ಋಣವನ್ನೂ ಅವರು ತೀರಿಸಿದರು. 1912ರ ಸುಮಾರಿಗೆ, ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ ಶಾಲೆಯೊಂದನ್ನು ತೆರೆದು ಮನೋರಮಾ ಅವರಿಗೆ ಅದರ ಹೊಣೆ ವಹಿಸಿದರು. ಕೇಡಗಾಂವ್ ಮತ್ತು ಇಂದಿನ ಕಲಬುರಗಿ ಒಂದೇ ರೈಲು ಮಾರ್ಗದ ಮೇಲಿವೆ.

ಇಷ್ಟನ್ನು ಬರೆದ ಮೇಲೆ ನಮ್ಮ ಬೆಳಗಾವಿ, ಖಾನಾಪುರಗಳ ಭೇಟಿಗಳ ಬಗ್ಗೆ ಎರಡು ಮಾತು ಹೇಳದಿರಲಾಗದು. ನಿಲಯಕ್ಕೆ ಹೋದ ದಾನಿಗಳು ಮಗುವನ್ನು ಬಳಿಗೆ ಕರೆದು ಅಪ್ಪ ಏನು ಮಾಡುತ್ತಾರೆ, ಅಮ್ಮ ಎಲ್ಲಿದ್ದಾಳೆ, ಇಲ್ಲಿಗೇಕೆ ಬಂದೆ ಎಂದು ವಿಚಾರಿಸುವುದುಂಟು. ಕೇಳುವವರದು ಕನಿಕರವೇ ಇರಬಹುದು; ಉತ್ತರಿಸುವ ಮಗುವಿಗೆ ಅದು ಪ್ರತಿ ಬಾರಿಯೂ ಗಾಯವನ್ನು ಕೆದಕಿದಂತೆ. ಜೊತೆಯಲ್ಲಿ ನಿಲ್ಲಿಸಿ ಭಾವಚಿತ್ರ ತೆಗೆದು ಹತ್ತು ಜನರಿಗೆ ಹಂಚುವುದಂತೂ 2015ರ ಬಾಲನ್ಯಾಯ ಕಾಯಿದೆಯ ದೃಷ್ಟಿಯಲ್ಲಿಯೂ ಸಲ್ಲದ ಕೆಲಸ. ರಕ್ಷಣೆಗೆ ಒಳಪಟ್ಟ ಮಗುವಿನ ಹೆಸರು, ಊರು, ಶಾಲೆ, ಚಿತ್ರ ಯಾವುದನ್ನೂ ಬಹಿರಂಗಪಡಿಸಬಾರದೆಂದು ಅದರ 74ನೆಯ ಕಲಮು ವಿಧಿಸುತ್ತದೆ. ದಲ್ಲಾಳಿಗೆ ಬೇಕಾದುದೂ ಅದೇ ವಿವರಗಳಲ್ಲವೇ? ಜುಡಿತ್ ಆಂಡ್ರ್ಯೂಸ್ ಅವರಂತೆ ಲೆಕ್ಕಪುಸ್ತಕವನ್ನು ಕೇಳಿ. ಬೇಸಿಗೆ ರಜೆಯಲ್ಲಿ ಊರಿಗೆ ಹೋದವರಲ್ಲಿ ಎಷ್ಟು ಮಂದಿ ಮರಳಿದರೆಂದು ಕೇಳಿ. ಮರಳದವರನ್ನು ಹುಡುಕಿ ಹೋಗಲು ಜೀಪಿನ ಬಾಡಿಗೆಗೆ ಹಣವಿದೆಯೇ ಎಂದು ಕೇಳಿ. ಮಳೆಗಾಲದಲ್ಲಿ ಖಾನಾಪುರದ ಕಾಡಂಚಿನ ಹಳ್ಳಿಗಳಿಗೆ ಹೋಗಿ ಬರುವ ಕಷ್ಟವನ್ನು ಬಲ್ಲವರಿಗೆ, ಒಂದು ದಿನದ ಪಾಯಸದೂಟಕ್ಕಿಂತ ಅದು ಎಷ್ಟು ದೊಡ್ಡ ದಾನವೆಂದು ಹೊಳೆಯದಿರದು. ಗುಲಾಮಳಾಗಿ ಮಾರಲ್ಪಟ್ಟಿದ್ದ ಸಂತ ಜೋಸೆಫೀನ್ ಬಖಿತಾ ಅವರ ಸ್ಮರಣೆಯ ದಿನವಾದ ಫೆಬ್ರುವರಿ 8ನ್ನು ಮಾನವ ಮಾರಾಟದ ವಿರುದ್ಧ ಪ್ರಾರ್ಥನೆಯ ದಿನವಾಗಿ ಧರ್ಮಸಭೆಯು 2015ರಿಂದ ಆಚರಿಸುತ್ತಿದೆ. ಆ ದಿನ ನಮ್ಮ ಧರ್ಮಕೇಂದ್ರಗಳಲ್ಲಿ ಈ ಲೆಕ್ಕವನ್ನೂ ಓದುವಂತಾದರೆ ಚೆನ್ನು.

ರಮಾಬಾಯಿಯವರ ಕೊನೆಯ ವರ್ಷಗಳು ಒಂದೇ ಕೆಲಸಕ್ಕೆ ಮೀಸಲಾದವು. ಓದು ಬಾರದ ಹಳ್ಳಿಯ ಹೆಂಗಸರಿಗೂ ಅರ್ಥವಾಗುವ ಮರಾಠಿಯಲ್ಲಿ ಇಡೀ ಬೈಬಲನ್ನು ಮೂಲ ಹೀಬ್ರೂ, ಗ್ರೀಕ್ ಭಾಷೆಗಳಿಂದ ಅನುವಾದಿಸತೊಡಗಿದರು. ಅದಕ್ಕಾಗಿ ಆ ಎರಡು ಭಾಷೆಗಳನ್ನೂ ಅಭ್ಯಾಸ ಮಾಡಿದರು. ಸರಕಾರವು 1919ರಲ್ಲಿ ಕೈಸರ್-ಇ-ಹಿಂದ್ ಪದಕವನ್ನಿತ್ತಿತು. ಅವರು ಎಂದಿನಂತೆ ಬಿಳಿಯ ಸೀರೆಯುಟ್ಟು, ಶಾಕಾಹಾರವನ್ನೇ ಉಣ್ಣುತ್ತಾ, ಕಿವಿ ಸರಿಯಾಗಿ ಕೇಳಿಸದಿದ್ದರೂ ಕರಡುಗಳನ್ನು ತಿದ್ದುತ್ತಾ ಕುಳಿತರು. ತಮ್ಮ ಅನಂತರ ಸಂಸ್ಥೆಯನ್ನು ನಡೆಸುವಳೆಂದು ನಂಬಿದ್ದ ಮನೋರಮಾ 1921ರ ಜುಲೈಯಲ್ಲಿ, ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಹುಟ್ಟಿದ ಮನೆಯವರಲ್ಲಿಯೂ ಸೇರಿದ ಮನೆಯವರಲ್ಲಿಯೂ ಒಬ್ಬರೂ ಉಳಿಯಲಿಲ್ಲ. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ, ಬೈಬಲಿನ ಕೊನೆಯ ಕರಡುಗಳ ಕೆಲಸ ಮುಗಿಯುತ್ತಿದ್ದಂತೆ, 1922ರ ಏಪ್ರಿಲ್ 5ರಂದು ರಮಾಬಾಯಿಯವರು ದೈವಾಧೀನರಾದರು. ಬರಗಾಲದಲ್ಲಿ ಬದುಕಿ ಬಂದ ಹೆಣ್ಣುಮಕ್ಕಳು ಮುಕ್ತಿಯ ಅಚ್ಚುಕೂಟದಲ್ಲಿ ಮುದ್ರಿಸಿದ ಆ ಬೈಬಲು 1924ರಲ್ಲಿ ಹೊರಬಂದಿತು. ಭಾರತ ಸರಕಾರವು 1989ರಲ್ಲಿ ಅವರ ಚಿತ್ರವಿರುವ ಅಂಚೆ ಚೀಟಿಯನ್ನು ಹೊರಡಿಸಿತು.

ಮುಕ್ತಿ ಮಿಷನ್ ಇಂದಿಗೂ ಕೇಡಗಾಂವ್‌ನಲ್ಲಿ ಅನಾಥ ಬಾಲೆಯರಿಗೂ ನಿರ್ಗತಿಕ ಸ್ತ್ರೀಯರಿಗೂ ಆಶ್ರಯ ನೀಡುತ್ತಿದೆ. ಬೆಳಗಾವಿಯಿಂದ ಹೋಗುವವರು ರೈಲಿನಲ್ಲಿ ಪುಣೆಗೆ ಹೋಗಿ, ಅಲ್ಲಿಂದ ದೌಂಡ್ ಕಡೆಗೆ ಹೋಗುವ ಗಾಡಿಯನ್ನು ಹಿಡಿಯಬೇಕು.